ವಾರಂಟಿ ತಗೊಳ್ಳಲಿಲ್ಲ, ಪೇಪರ್ ಓದಿದೆ



ಸ್ವಲ್ಪ ಉದ್ದ ಇದೆ. ಸೆಕೆಂಡ್ ಹ್ಯಾಂಡ್ ಕಾರ್ ತಗೊಳ್ಳೋ ಯೋಚನೆಯಲ್ಲಿರೋರು ಪುರುಸೊತ್ತು ಮಾಡ್ಕೊಂಡು ಓದಿ. ಹೋದ ವಾರ ನಮ್ಮ ಸಂಘಟನೆಯ ಇಬ್ಬರು ತಮ್ಮಂದಿರು ಬೇರೆ ಬೇರೆ ದಿನ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದ್ರು: "ಅಣ್ಣಾ, ಹಳೇ ಕಾರಿಗೆ ಎಕ್ಸ್‌ಟೆಂಡೆಡ್ ವಾರಂಟಿ ತಗೋಬೇಕಾ, ಬೇಡ್ವಾ?" ಹೌದು, ಇಲ್ಲ ಅಂತ ಒಂದು ಮಾತಲ್ಲಿ ಹೇಳೋಕೆ ಆಗ್ಲಿಲ್ಲ. ಅದಕ್ಕೇ ನನಗಾದದ್ದನ್ನ ಇಲ್ಲಿ ಬರೀತಿದ್ದೀನಿ.

2024ರ ನವೆಂಬರ್‌ನಲ್ಲಿ ಮೈಸೂರಿನ ಒಂದು ಷೋರೂಂನಲ್ಲಿ ನಾವು ಕಾರು ನೋಡಿದ್ವಿ. 2016ರ ಮಾಡೆಲ್, ಪೆಟ್ರೋಲ್, ಮ್ಯಾನ್ಯುಯಲ್ ಗೇರ್, 58 ಸಾವಿರ ಕಿಲೋಮೀಟರ್ ಓಡಿತ್ತು. ಬೆಲೆ 3 ಲಕ್ಷ 20 ಸಾವಿರ. ಕಂಪನಿ ಹೆಸರು ಬೇಡ. ಚೀಟಿ ಎತ್ತಿದ ದುಡ್ಡು ಸ್ವಲ್ಪ, ನೌಕರರ ಸೊಸೈಟಿ ಸಾಲ ಉಳಿದಿದ್ದು. ಅವ್ವನಿಗೆ ಮಂಡಿ ನೋವು, ಊರಿಂದ ಬಸ್ಸಲ್ಲಿ ನಿಂತ್ಕೊಂಡು ಆಸ್ಪತ್ರೆಗೆ ಬರೋಕೆ ಆಗ್ತಿರಲಿಲ್ಲ. ಮಗಳು ಸೆಕೆಂಡ್ ಪಿಯುಸಿ, ಮಳೆಗಾಲದಲ್ಲಿ ಬೈಕಲ್ಲಿ ಪುಸ್ತಕದ ಬ್ಯಾಗು ನೆನೆದು ತೊಪ್ಪೆ. ಇಷ್ಟೇ ಕಾರಣ. ನಮ್ಮ ವಂಶದಲ್ಲಿ ಮೊದಲ ಕಾರು ಅನ್ನೋದು ನಿಜ, ಆದರೆ ಅದನ್ನ ಷೋರೂಂನಲ್ಲಿ ಹೇಳಬಾರದಿತ್ತು. ಖುಷಿಯಲ್ಲಿ ಹೇಳಿಬಿಟ್ಟೆ.

ಕಾಫಿ ಬಂತು. ಮಾತಿಗೊಂದು "ಸಾರ್" ಬಂತು. ಸೇಲ್ಸ್ ಹುಡುಗ ಒಳ್ಳೆಯವನೇ, ಅವನಿಗೂ ಟಾರ್ಗೆಟ್ ಇರುತ್ತೆ. "ಯಾವ ಕಡೆಯವರು ಸಾರ್?" ನಂಜನಗೂಡು ಕಡೆ ಅಂದೆ. "ಊರಲ್ಲಿ ಯಾವ ಬೀದಿ?" ಈ ಪ್ರಶ್ನೆ ಯಾಕೆ ಬರುತ್ತೆ ಅಂತ ನಮಗೆಲ್ಲ ಗೊತ್ತು. "ಅಂಬೇಡ್ಕರ್ ಬೀದಿ" ಅಂದೆ. "ಓ" ಅಂದ. ಅಷ್ಟೇ, ಬೇರೇನೂ ಅನ್ನಲಿಲ್ಲ.

ಆಮೇಲೆ ವಾರಂಟಿ ಮಾತು ತೆಗೆದ. ಒಂದು ವರ್ಷ ಅಥವಾ 15 ಸಾವಿರ ಕಿಲೋಮೀಟರ್, ಯಾವುದು ಮೊದಲೋ ಅದು. 14,750 ರೂಪಾಯಿ. "ಇಂಜಿನ್, ಗೇರ್‌ಬಾಕ್ಸ್ ಎಲ್ಲಾ ಕವರ್ ಸಾರ್. ನೆಮ್ಮದಿಯಾಗಿ ಓಡಾಡಬಹುದು." ನಾನು ಯೋಚನೆ ಮಾಡ್ತಾ ಕೂತೆ. ಅವನು ಮೆಲ್ಲಗೆ, "ಕಾಸ್ಟ್ಲಿ ಅನ್ಸಿದ್ರೆ ಬೇಡ ಬಿಡಿ ಸಾರ್" ಅಂದ.

ಆ ಮಾತನ್ನ ಅವನು ಎಲ್ಲರಿಗೂ ಹೇಳ್ತಾನೋ, ನನಗೆ ಮಾತ್ರ ಹೇಳಿದ್ನೋ ಗೊತ್ತಿಲ್ಲ. ಎಲ್ಲರಿಗೂ ಹೇಳ್ತಾನೆ ಅಂತಲೇ ಅಂದ್ಕೊಳ್ಳೋಣ. ಆದರೆ ನನಗೆ ಅದು ತಗುಲಿದ ಜಾಗ ಬೇರೆ. ಬೀದಿ ಹೆಸರು ಹೇಳಿ ಐದು ನಿಮಿಷ ಆಗಿರಲಿಲ್ಲ. ಕೈ ತಾನಾಗೇ ಪೆನ್ನಿನ ಕಡೆ ಹೋಯ್ತು. ಆ ಗಳಿಗೆಯಲ್ಲಿ ಕಾರು, ಇಂಜಿನ್ನು, ಗೇರ್‌ಬಾಕ್ಸು ಏನೂ ತಲೆಯಲ್ಲಿ ಇರಲಿಲ್ಲ. "ನನಗೂ ಕೊಡೋ ಯೋಗ್ಯತೆ ಇದೆ" ಅಂತ ತೋರಿಸಬೇಕಿತ್ತು, ಅಷ್ಟೇ. ಮೇಜಿನ ಕೆಳಗೆ ನನ್ನ ಹೆಂಡತಿ ಕಾಲು ಒತ್ತಿದಳು.

"ಷರತ್ತಿನ ಪೇಪರ್ ಕೊಡಿ, ಓದಿ ನಾಳೆ ಹೇಳ್ತೀನಿ" ಅಂದೆ.

"ದುಡ್ಡು ಕಟ್ಟಿದ ಮೇಲೆ ಮೇಲ್‌ಗೆ ಬರುತ್ತೆ ಸಾರ್. ಈಗ ಬ್ರೋಷರ್ ಇದೆ."

ಇಪ್ಪತ್ತು ವರ್ಷದಿಂದ ಕಡತದ ಜೊತೆ ಬದುಕಿದೋನು ನಾನು. ಅನುಬಂಧ ನೋಡದೆ ಪೆನ್ಸಿಲ್ ಇಂಡೆಂಟನ್ನೂ ಮೇಲಕ್ಕೆ ಕಳಿಸಲ್ಲ. ಹಾಗೇ ಹೇಳಿದೆ. ಅವನು ಒಳಗೆ ಹೋಗಿ ಮ್ಯಾನೇಜರ್‌ನ ಕೇಳ್ಕೊಂಡು ಬಂದು ವಾಟ್ಸಾಪಲ್ಲಿ ಪಿಡಿಎಫ್ ಕಳಿಸಿದ. ಬ್ರೋಷರ್ ಒಂದು ಹಾಳೆ, ಷರತ್ತು ಆರು ಹಾಳೆ.

ರಾತ್ರಿ ಊಟ ಆದ ಮೇಲೆ ನಾನು, ಮಗಳು ಕೂತು ಓದಿದ್ವಿ. ಇಂಗ್ಲಿಷಲ್ಲಿ ನನಗಿಂತ ಅವಳು ಚುರುಕು, ಸರ್ಕಾರಿ ಭಾಷೆಯ ತಿರುವು ಮುರುವುಗಳು ನನಗೆ ಗೊತ್ತು. ಅವಳು ಓದೋದು, ನಾನು ನೋಟ್‌ಬುಕ್ಕಲ್ಲಿ ಬರೆದುಕೊಳ್ಳೋದು. ಎಡಗಡೆ "ಸಿಗುತ್ತೆ", ಬಲಗಡೆ "ಸಿಗಲ್ಲ".

ಎಡಗಡೆ: ಇಂಜಿನ್ನಿನ ಒಳಗಿನ ಭಾಗಗಳು, ಗೇರ್‌ಬಾಕ್ಸಿನ ಒಳಗಿನ ಭಾಗಗಳು, ಆಲ್ಟರ್ನೇಟರ್, ಸ್ಟಾರ್ಟರ್ ಮೋಟಾರ್.

ಬಲಗಡೆ ಬರೆದದ್ದು ಎರಡು ಪುಟ ಆಯ್ತು. ಟೈರು, ಬ್ಯಾಟರಿ, ಬ್ರೇಕ್ ಪ್ಯಾಡು, ಕ್ಲಚ್ ಪ್ಲೇಟು, ಬೆಲ್ಟು, ಹೋಸು, ರಬ್ಬರಿನ ಸಾಮಾನು, ಸಸ್ಪೆನ್ಷನ್ ಬುಷ್ಷು, ಬಲ್ಬು, ವೈರಿಂಗು, ಮ್ಯೂಸಿಕ್ ಸಿಸ್ಟಂ ಸಿಗಲ್ಲ. ಮಳೆ ನೀರು ಒಳಗೆ ನುಗ್ಗಿ ಆದ ಹಾನಿ ಸಿಗಲ್ಲ. ಗಾಡಿ ಹೀಟ್ ಆದ ಮೇಲೂ ಓಡಿಸಿದ್ರೆ ಸಿಗಲ್ಲ. ಮೊದಲ 30 ದಿನದಲ್ಲಿ ಏನೇ ಆದ್ರೂ ಸಿಗಲ್ಲ. ಕೊಳ್ಳುವ ಮೊದಲೇ ಇದ್ದ ದೋಷ ಅಂತ ಅವರ ಇನ್‌ಸ್ಪೆಕ್ಟರ್ ಹೇಳಿದ್ರೆ ಸಿಗಲ್ಲ. ಆರು ತಿಂಗಳಿಗೆ ಅಥವಾ 5 ಸಾವಿರ ಕಿಲೋಮೀಟರ್‌ಗೆ ಅವರು ಹೇಳಿದ ಗ್ಯಾರೇಜಲ್ಲೇ ಸರ್ವಿಸ್ ಮಾಡಿಸದಿದ್ರೆ ಸಿಗಲ್ಲ. ಒಂದು ವರ್ಷದ ಒಟ್ಟು ಕ್ಲೈಮ್ 50 ಸಾವಿರ ದಾಟುವಂತಿಲ್ಲ, ಪ್ರತಿ ಕ್ಲೈಮಲ್ಲೂ ಮೊದಲ ಸಾವಿರ ರೂಪಾಯಿ ನಮ್ಮದು.

ಕೊನೆಗೆ ಒಂದು ಸಾಲು: ಬಳಕೆಯಿಂದ ಸಹಜವಾಗಿ ಸವೆದ ಯಾವ ಭಾಗವೂ ಇದರಲ್ಲಿ ಸೇರಲ್ಲ. ಮಗಳು ನಕ್ಕಳು. "ಅಪ್ಪಾ, ಎಂಟು ವರ್ಷದ ಗಾಡಿಲಿ ಸವೆಯದೆ ಇರೋದು ಏನಿರುತ್ತೆ?"

ಇನ್ನೊಂದು ವಿಷಯ ಅವಳೇ ಹುಡುಕಿದ್ದು. ಕಾಗದದ ತಲೆಯ ಮೇಲೆ ಷೋರೂಂ ಹೆಸರೇ ಇರಲಿಲ್ಲ, ಬೇರೆ ಊರಿನ ಬೇರೆ ಕಂಪನಿ ಹೆಸರಿತ್ತು. ಕಾರು ಕೆಟ್ಟರೆ ಕಾಫಿ ಕೊಟ್ಟೋರ ಹತ್ತಿರ ಹೋಗೋ ಹಾಗಿಲ್ಲ, ಕಂಡಿರದೋರಿಗೆ ಫೋನ್ ಮಾಡಬೇಕು. ಷೋರೂಮಿಗೂ ವಾರಂಟಿಗೂ ಸಂಬಂಧ ಅದನ್ನ ಮಾರೋತನಕ ಮಾತ್ರ.

ಅದನ್ನ ಓದ್ತಾ ನನಗೆ ಅಪ್ಪನ ಕಾಗದ ನೆನಪಾಯ್ತು. ಅಪ್ಪನಿಗೆ ಸರ್ಕಾರದಿಂದ ಮಂಜೂರಾಗಿದ್ದ ಎರಡು ಎಕರೆ ಇತ್ತು. ಅತ್ತೆ ಮದುವೆಗೆ ಅಂತ ಊರೊಳಗಿನ ಒಬ್ಬರ ಹತ್ತಿರ ಸಾಲ ಮಾಡಿದ. "ಬರೀ ಆಧಾರದ ಪತ್ರ ಕಣಪ್ಪ, ದುಡ್ಡು ತೀರಿಸಿದ ದಿನ ಹರಿದು ಹಾಕ್ತೀನಿ" ಅಂದಿದ್ರಂತೆ. "ನೀವು ಹೇಳಿದ ಮೇಲೆ ಮುಗೀತು ಬುದ್ದಿ" ಅಂತ ಅಪ್ಪ ಹೆಬ್ಬೆಟ್ಟು ಒತ್ತಿದ. ಅದು ಕ್ರಯಪತ್ರ ಅಂತ ಗೊತ್ತಾಗಿದ್ದು ಹೊಲಕ್ಕೆ ಬೇರೆಯವರ ನೇಗಿಲು ಇಳಿದ ದಿನ. ಪಿಟಿಸಿಎಲ್ ಅಂತೀವಲ್ಲ, ಆ 1978ರ ಕಾಯ್ದೆ ಆಗಲೇ ಇತ್ತು. ಪರಿಶಿಷ್ಟರಿಗೆ ಮಂಜೂರಾದ ಭೂಮಿಯನ್ನ ಸರ್ಕಾರದ ಪೂರ್ವಾನುಮತಿ ಇಲ್ಲದೆ ಪರಭಾರೆ ಮಾಡುವಂತಿಲ್ಲ ಅಂತ ಅದು ಹೇಳುತ್ತೆ. ಅಪ್ಪನಿಗೆ ಗೊತ್ತಿರಲಿಲ್ಲ, ಬರೆಸಿಕೊಂಡೋರಿಗೆ ಗೊತ್ತಿತ್ತು. ಎಸಿ ಕೋರ್ಟಲ್ಲಿ ಅಲೆದು ಅಲೆದು ಭೂಮಿ ವಾಪಸ್ ಬರೋ ಹೊತ್ತಿಗೆ ಅಪ್ಪ ಇರಲಿಲ್ಲ.

ಹದಿನಾಲ್ಕು ಸಾವಿರಕ್ಕೂ ಎರಡು ಎಕರೆಗೂ ಹೋಲಿಕೆ ಇಲ್ಲ, ಗೊತ್ತು. ಆದರೆ ಮೋಸದ ದಾರಿ ಒಂದೇ. ಬಾಯಲ್ಲಿ ಒಂದು ಹೇಳೋದು, ಕಾಗದದಲ್ಲಿ ಇನ್ನೊಂದು ಇರೋದು, ಓದೋಕೆ ಕೇಳಿದ್ರೆ "ನಂಬಿಕೆ ಇಲ್ವಾ?" ಅನ್ನೋದು.

ಇನ್ನೊಂದು ಕಥೆಯೂ ಅವತ್ತು ರಾತ್ರಿ ನಿದ್ದೆಗೆಡಿಸ್ತು. ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ' ಓದಿದೋರಿಗೆ ಚಾಳೀಸ್‌ಗಾಂವ್ ಪ್ರಸಂಗ ನೆನಪಿರುತ್ತೆ. 1929ರ ಅಕ್ಟೋಬರ್. ವಿಚಾರಣೆಯ ಕೆಲಸ ಮುಗಿಸಿ ವಾಪಸ್ ಬರುವಾಗ ಅವರು ಚಾಳೀಸ್‌ಗಾಂವ್ ಸ್ಟೇಷನ್ನಲ್ಲಿ ಇಳಿದ್ರು. ಕೇರಿಯ ಜನ ಒಂದು ರಾತ್ರಿ ಇಲ್ಲೇ ಉಳಿಯಿರಿ ಅಂತ ಬೇಡಿಕೊಂಡ್ರು. ಆದರೆ ಅವರನ್ನ ಕೂರಿಸಿಕೊಂಡು ಟಾಂಗಾ ಹೊಡೆಯೋಕೆ ಒಬ್ಬ ಟಾಂಗಾದವನೂ ಒಪ್ಪಲಿಲ್ಲ. ಟಾಂಗಾ ಬಾಡಿಗೆಗೆ ಕೊಡ್ತೀವಿ, ನಾವು ಹೊಡೆಯಲ್ಲ ಅಂದ್ರು. ನಮ್ಮ ಅತಿಥಿ ನಡ್ಕೊಂಡು ಬರಬಾರದು ಅಂತ ಕೇರಿಯವರು, ಎಂದೂ ಟಾಂಗಾ ಹೊಡೆದು ಗೊತ್ತಿಲ್ಲದ ತಮ್ಮವನನ್ನೇ ಕೂರಿಸಿದ್ರು. ನದಿಯ ಮೇಲಿನ ಮೋರಿಯಲ್ಲಿ ಚಕ್ರ ಕಲ್ಲಿನ ಸಂದಿಗೆ ಸಿಕ್ಕಿ, ಬಾಬಾಸಾಹೇಬರು ಕಲ್ಲಿನ ಮೇಲೆ ಎಸೆಯಲ್ಪಟ್ರು. ಕುದುರೆ, ಗಾಡಿ ನದಿಗೆ ಬಿತ್ತು. ಅವರ ಕಾಲು ಮುರೀತು. ಜನ ಅತಿಥಿಯ ಮರ್ಯಾದೆ ನೋಡಿದ್ರು, ಜೀವಕ್ಕೆ ಏನಾದೀತು ಅಂತ ನೋಡಲಿಲ್ಲ ಅನ್ನೋ ಅರ್ಥದಲ್ಲಿ ಅವರೇ ಬರೆದಿದ್ದಾರೆ.

ತಪ್ಪು ಆ ಜನರದ್ದಲ್ಲ. ಟಾಂಗಾ ಹೊಡೆಯಲ್ಲ ಅಂದೋರದ್ದು. ಆದರೂ ಬಿದ್ದಿದ್ದು ನಮ್ಮವರೇ. ಅವಮಾನ ಮಾಡಿದೋರಿಗೆ ಉತ್ತರ ಕೊಡೋ ಆತುರದಲ್ಲಿ ಪೆಟ್ಟು ತಿನ್ನೋರು ನಾವು. "ಕಾಸ್ಟ್ಲಿ ಅನ್ಸಿದ್ರೆ ಬೇಡ ಬಿಡಿ" ಅಂದಾಗ ಪೆನ್ನಿನ ಕಡೆ ಹೋದ ನನ್ನ ಕೈ ಇದೆಯಲ್ಲ, ಅದೂ ಇದೇ ಲೆಕ್ಕ. ಮರ್ಯಾದೆ ನಮ್ಮ ಜೊತೆ ಗಾಡಿಲಿ ಕೂರಲಿ. ಸ್ಟೇರಿಂಗ್ ಮಾತ್ರ ಅದರ ಕೈಗೆ ಕೊಡಬಾರದು.

ಮರುದಿನ ರಜೆ ಹಾಕಿದೆ. ನಮ್ಮ ಕೇರಿಯ ಒಬ್ಬ ತಮ್ಮ ಹದಿನೈದು ವರ್ಷದಿಂದ ಮೆಕ್ಯಾನಿಕ್. ಅವನನ್ನ ಕರ್ಕೊಂಡು ಹೋದೆ. ಬೇಡ ಅಂದ್ರೂ ಒಂದು ದಿನದ ಕೂಲಿ 1,500 ಕೊಟ್ಟೆ. ನಮ್ಮವನು ಅಂತ ಬಿಟ್ಟಿ ಕೆಲಸ ಮಾಡಿಸೋದೂ ಒಂಥರಾ ಬಿಟ್ಟಿ ಚಾಕರಿನೇ.

ಅವನು ನೋಡಿದ್ದನ್ನ ನೀವೂ ನೋಡಿಸಿ. ಇಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಬೇಕು, ನಾವು ಬರೋ ಮೊದಲೇ ಬಿಸಿ ಮಾಡಿಟ್ಟಿದ್ರೆ ಅನುಮಾನ ಪಡಬೇಕು. ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಬಂದ್ರೆ ಆಯಿಲ್ ಸುಡ್ತಿದೆ ಅಂತ. ಸೀಟ್ ಬೆಲ್ಟನ್ನ ಕೊನೇತನಕ ಎಳೆದು ನೋಡಿದ, ಗಾಡಿ ನೀರಲ್ಲಿ ಮುಳುಗಿದ್ರೆ ಒಳಗಿನ ಪಟ್ಟಿಯಲ್ಲಿ ಕೆಸರಿನ ಕಲೆ ಉಳಿಯುತ್ತಂತೆ. ಮ್ಯಾಟ್ ಎತ್ತಿ ತುಕ್ಕು ನೋಡಿದ. ಬಾನೆಟ್ಟಿನ ಬೋಲ್ಟಲ್ಲಿ ಸ್ಪ್ಯಾನರ್ ಗುರುತು ಇದೆಯಾ ನೋಡಿದ, ಇದ್ರೆ ಬಿಚ್ಚಿ ರಿಪೇರಿ ಮಾಡಿದ್ದಾರೆ. ಟೈರಿನ ಮೇಲಿನ ನಾಲ್ಕು ಅಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ಪೆಡಲ್ಲಿನ ರಬ್ಬರು ಪೂರ್ತಿ ಸವೆದಿದ್ದು ಮೀಟರ್ ಮಾತ್ರ ಕಮ್ಮಿ ತೋರಿಸ್ತಿದ್ರೆ ಮೀಟರ್ ತಿರುಗಿಸಿದ್ದಾರೆ. ಸ್ಕ್ಯಾನರ್ ಹಾಕಿ ಎರರ್ ಕೋಡ್ ನೋಡಿದ. ಕಂಪನಿಯ ಸರ್ವಿಸ್ ಸೆಂಟರಿಗೆ ಹೋಗಿ ಯಾವ ವರ್ಷ ಎಷ್ಟು ಕಿಲೋಮೀಟರ್‌ಗೆ ಸರ್ವಿಸ್ ಆಗಿದೆ ಅಂತ ತೆಗೆಸಿದ್ವಿ, ಲೆಕ್ಕ ಸರಿ ಇತ್ತು.

"ಗಾಡಿ ಚೆನ್ನಾಗದೆ ಅಣ್ಣ. ಕ್ಲಚ್ಚು ಇನ್ನೊಂದು ನಾಕೈದ್ ತಿಂಗ್ಳು ಬತ್ತದೆ ಅಷ್ಟೆ" ಅಂದ. ಬಲಗಡೆ ಪುಟ ತೆಗೆದು ನೋಡಿದೆ. ಕ್ಲಚ್ ಪ್ಲೇಟು: ಸಿಗಲ್ಲ.

ನ್ಯಾಯವಾಗಿ ಇನ್ನೊಂದು ಮಾತೂ ಹೇಳ್ಬೇಕು. ನಮ್ಮ ಆಫೀಸಿನ ಮೇಡಂ ಒಬ್ಬರು ಆಟೋಮ್ಯಾಟಿಕ್ ಗಾಡಿ ಸೆಕೆಂಡ್ ಹ್ಯಾಂಡಲ್ಲಿ ತಗೊಂಡು ವಾರಂಟಿನೂ ತಗೊಂಡಿದ್ರು. ಏಳೇ ತಿಂಗಳಿಗೆ ಗೇರ್‌ಬಾಕ್ಸ್ ಹೋಯ್ತು, ವಾರಂಟಿಯೋರು ಸ್ವಲ್ಪ ಸತಾಯಿಸಿದ್ರೂ ಕೊಟ್ರು. ಅವರಿಗೆ ಅದು ಲಾಭವೇ. ವಾರಂಟಿ ಅಂದ್ರೆ ಎಲ್ಲಾ ಮೋಸ ಅಂತ ನಾನು ಹೇಳ್ತಿಲ್ಲ. ಆಟೋಮ್ಯಾಟಿಕ್, ಟರ್ಬೊ ಡೀಸೆಲ್, ಎಲೆಕ್ಟ್ರಾನಿಕ್ಸ್ ಜಾಸ್ತಿ ಇರೋ ಗಾಡಿಗಳಲ್ಲಿ ಒಂದೇ ರಿಪೇರಿ ಲಕ್ಷ ಮುಟ್ಟಬಹುದು. ಕೈಯಲ್ಲಿ ಅಷ್ಟು ದುಡ್ಡು ಇರಲ್ಲ ಅನ್ನೋದಾದ್ರೆ, ಷರತ್ತು ಓದಿ, ಕ್ಲೈಮಿನ ಮಿತಿ ನೋಡಿ ತಗೊಳ್ಳಿ. ಹೊಸ ಗಾಡಿಗೆ ಕಂಪನಿಯೇ ಕೊಟ್ಟ ವಾರಂಟಿ ಇನ್ನೂ ಉಳಿದಿದ್ರೆ ಅದನ್ನ ನಿಮ್ಮ ಹೆಸರಿಗೆ ವರ್ಗ ಮಾಡಿಸೋಕೆ ಆಗುತ್ತಾ ಅಂತ ಮೊದಲು ಕೇಳಿ. ನಂದು ಸಣ್ಣ ಪೆಟ್ರೋಲ್ ಗಾಡಿ, ಯಾವ ಗ್ಯಾರೇಜಲ್ಲಾದ್ರೂ ರಿಪೇರಿ ಆಗುತ್ತೆ, ತಿಂಗಳಿಗೆ ಓಡೋದು ಐನೂರು ಕಿಲೋಮೀಟರ್. ನನಗೆ ಅದು ಬೇಕಿರಲಿಲ್ಲ.

ಷೋರೂಮಿಗೆ ಹೋಗಿ "ಕಾರು ಬೇಕು, ವಾರಂಟಿ ಬೇಡ" ಅಂದೆ. "ಸಾರ್" ಹೋಗಿ "ನೋಡಿ" ಬಂತು. ಪರವಾಗಿಲ್ಲ. ನಾನು ಒಂದು ಕೇಳಿದೆ: "ಅಪಘಾತ ಆಗಿಲ್ಲ, ಮೀಟರ್ ತಿರುಗಿಸಿಲ್ಲ, ನೀರಲ್ಲಿ ಮುಳುಗಿಲ್ಲ ಅಂತ ನಿನ್ನೆ ಬಾಯಲ್ಲಿ ಹೇಳಿದ್ರಲ್ಲ, ಅದನ್ನ ಲೆಟರ್‌ಹೆಡ್ಡಲ್ಲಿ ಬರೆದು ಸೀಲ್ ಹಾಕಿ ಕೊಡಿ." ಹುಡುಗ ಮುಖ ಮುಖ ನೋಡಿದ. ಯಾರೂ ಕೇಳಿಲ್ಲ ಅಂದ. ಮ್ಯಾನೇಜರ್ ಬಂದ್ರು. ಅರ್ಧ ಗಂಟೆ ಮಾತಾಯ್ತು. ಕೊನೆಗೆ ಮೂರೂ ಮಾತು ಬರೆದುಕೊಟ್ರು. ಜೊತೆಗೆ, 15 ದಿನದೊಳಗೆ ಇಂಜಿನ್ ಅಥವಾ ಗೇರ್‌ಬಾಕ್ಸ್ ತೊಂದರೆ ಬಂದ್ರೆ ತಮ್ಮ ಖರ್ಚಲ್ಲೇ ಸರಿ ಮಾಡಿಕೊಡ್ತೀವಿ ಅಂತಾನೂ ಬರೆದ್ರು. ಅದಕ್ಕೆ ನಾನು ಒಂದು ರೂಪಾಯಿನೂ ಕೊಡಲಿಲ್ಲ. ಕೇಳಿದೆ, ಅಷ್ಟೇ.

ಆ 14,750 ರೂಪಾಯಿಯನ್ನ ಹೆಂಡತಿ ಹೆಸರಿನ ಎಸ್‌ಬಿ ಅಕೌಂಟಲ್ಲಿ ಬೇರೆ ಇಟ್ವಿ. ಕಾರು ರಿಪೇರಿಗೆ ಬಿಟ್ಟು ಬೇರೆ ಯಾವುದಕ್ಕೂ ಮುಟ್ಟೋ ಹಾಗಿಲ್ಲ ಅಂತ ಕಂಡೀಷನ್.

ಈಗ ಹನ್ನೊಂದು ತಿಂಗಳಾಯ್ತು. ಲೆಕ್ಕ ಒಪ್ಪಿಸ್ತೀನಿ. ಐದನೇ ತಿಂಗಳು ಕ್ಲಚ್ ಹೋಯ್ತು, ಕೂಲಿ ಸೇರಿ 6,400. ಎಂಟನೇ ತಿಂಗಳು ಆಲ್ಟರ್ನೇಟರ್ ಹೋಯ್ತು, 4,800. ಒಟ್ಟು 11,200. ಅಕೌಂಟಲ್ಲಿ ಇನ್ನೂ 3,550 ಇದೆ. ವಾರಂಟಿ ತಗೊಂಡಿದ್ರೆ 14,750 ಹೋಗಿರೋದು, ಕ್ಲಚ್ಚಿನ 6,400 ಹೇಗೂ ನಮ್ಮದೇ, ಆಲ್ಟರ್ನೇಟರ್‌ಗೆ ಸಾವಿರ ಕೊಟ್ಟಿದ್ರೆ ಸಾಕಿತ್ತು. ಒಟ್ಟು 22,150. ಇದು ನನ್ನ ಜಾಣತನ ಅಂತ ಬೀಗೋ ಹಾಗಿಲ್ಲ. ಇಂಜಿನ್ನೇ ಹೋಗಿದ್ರೆ ಈ ಪೋಸ್ಟ್ ಬೇರೆ ಥರ ಇರ್ತಿತ್ತು. ಆಗಲೂ ನಾನು ಓದಿ, ಗೊತ್ತಿದ್ದೇ ತಗೊಂಡ ರಿಸ್ಕ್ ಅದು. ಯಾರೋ ಹೇಳಿದ್ದನ್ನ ನಂಬಿ ಬಿದ್ದಿದ್ದಲ್ಲ.

ಕೊನೆಗೆ ಕೆಲಸಕ್ಕೆ ಬರೋ ನಾಲ್ಕು ಮಾತು.

1) ವಾರಂಟಿಗಿಂತ ಮೊದಲು ದಾಖಲೆ. ಫಾರಂ 29, 30ಕ್ಕೆ ಸಹಿ, ಸಾಲ ಇದ್ದ ಗಾಡಿಯಾದ್ರೆ ಫಾರಂ 35 ಮತ್ತು ಬ್ಯಾಂಕಿನ ಎನ್‌ಒಸಿ. ಆರ್‌ಸಿ ನಿಮ್ಮ ಹೆಸರಿಗೆ ಬರೋತನಕ ಬೆನ್ನು ಬಿಡಬೇಡಿ. ಇನ್ಶೂರೆನ್ಸ್ ವರ್ಗಾವಣೆಗೆ 14 ದಿನದೊಳಗೆ ಅರ್ಜಿ ಹಾಕಿ. ಹಳೇ ಮಾಲೀಕರ ನೋ ಕ್ಲೈಮ್ ಬೋನಸ್ ನಿಮಗೆ ಬರಲ್ಲ.

2) ಹಳೇ ಗಾಡಿ ಮಾರೋ ಡೀಲರ್‌ಗಳು ಸಾರಿಗೆ ಇಲಾಖೆಯಿಂದ ಅಧಿಕಾರ ಪತ್ರ ತಗೋಬೇಕು ಅನ್ನೋ ಕೇಂದ್ರದ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಇದೆಯಾ ಅಂತ ಕೇಳಿ. ಕೇಳೋದು ತಪ್ಪಲ್ಲ.

3) ವಾರಂಟಿ ತಗೊಳ್ಳೋದಾದ್ರೆ ದುಡ್ಡು ಕಟ್ಟೋ ಮೊದಲು ಪೂರ್ತಿ ಷರತ್ತು ತರಿಸಿಕೊಳ್ಳಿ. ಕೊಡಲ್ಲ ಅಂದ್ರೆ ಅದೇ ಉತ್ತರ. "ಸಿಗಲ್ಲ" ಅನ್ನೋ ಪುಟವನ್ನ ಮೊದಲು ಓದಿ.

4) ತಗೊಂಡ ಮೇಲೆ ಕೊಡಬೇಕಾದ್ದು ಕೊಡದಿದ್ರೆ 1915ಕ್ಕೆ ಫೋನ್ ಮಾಡಿ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ನೀವು ವಾಸ ಇರೋ ಜಿಲ್ಲೆಯಲ್ಲೇ ದೂರು ಕೊಡಬಹುದು, ಎರಡು ವರ್ಷದೊಳಗೆ. ನೀವು ಕೊಟ್ಟ ಮೊತ್ತ 5 ಲಕ್ಷದ ಒಳಗಿದ್ರೆ ಶುಲ್ಕ ಇಲ್ಲ, ವಕೀಲರೇ ಬೇಕು ಅಂತಾನೂ ಇಲ್ಲ.

ಮೊದಲ ಸಲ ಕಾರಲ್ಲಿ ಊರಿಗೆ ಹೋದಾಗ ಅವ್ವ ಸುತ್ತ ಒಂದು ಸುತ್ತು ಬಂದು, ಬಾಗಿಲು ಮುಟ್ಟಿ ನೋಡಿ, "ಕಾಗ್ದ ಎಲ್ಲಾ ಸರ್ಯಾಗ್ ಇದ್ದಾವಾ ಮಗಾ? ನೀನೇ ಓದಿದಾ?" ಅಂತ ಕೇಳ್ತು. ಬಣ್ಣ ಕೇಳಲಿಲ್ಲ, ಬೆಲೆ ಕೇಳಲಿಲ್ಲ. "ನಾನೂ ಓದಿದೆ, ನಿನ್ನ ಮೊಮ್ಮಗಳೂ ಓದಿದ್ಲು ಅವ್ವಾ" ಅಂದೆ. "ಅಂಗಾರೆ ನಡಿ" ಅಂತ ಮುಂದಿನ ಸೀಟಲ್ಲಿ ಕೂತ್ಕೊಂಡ್ತು.

ಇಂಗ್ಲಿಷ್ ಕಾಗದ ಓದೋಕೆ ಕಷ್ಟ ಆಗೋರು, ಕಾರಿನದ್ದಾಗಲಿ, ಸಾಲದ್ದಾಗಲಿ, ಜಮೀನಿನದ್ದಾಗಲಿ, ಸಹಿ ಹಾಕೋ ಮೊದಲು ನನಗೆ ಫೋಟೊ ಕಳಿಸಿ. ಸಂಜೆ ಆರರ ಮೇಲೆ ಓದಿ ಹೇಳ್ತೀನಿ. ನನಗೆ ಅರ್ಥ ಆಗದಿದ್ರೆ ಮಗಳಿದ್ದಾಳೆ.

ಜೈ ಭೀಮ್.